ಆವಿಷ್ಕಾರಕರು ಎಂಬ ಸಾಲಿನಲ್ಲಿ ಯಾರ ಹೆಸರು?

ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರು ಎಷ್ಟು ಪ್ರಬಂಧ ಪ್ರಕಟಿಸಿದ್ದಾರೆ, ಯಾವ ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ, ಯಾವ ವಿಭಾಗಕ್ಕೆ ಎಷ್ಟು ಅನುದಾನ ಬಂದಿದೆ ಎಂಬುದಕ್ಕೆಲ್ಲ ಲೆಕ್ಕವಿತ್ತು. ಯಾರು ಯಾವುದನ್ನು ಹೊಸದಾಗಿ ರೂಪಿಸಿದ್ದಾರೆ ಎಂಬುದಕ್ಕೆ ಮಾತ್ರ ಲೆಕ್ಕವಿರಲಿಲ್ಲ. ಆವಿಷ್ಕಾರ ಮಾಡಿದವರನ್ನು ಗೌರವಿಸುವ ಒಂದು ಸಮಾರಂಭ ನಡೆಸಬೇಕೆಂದು ಆಡಳಿತ ತೀರ್ಮಾನಿಸಿ, ಹೆಸರುಗಳ ಪಟ್ಟಿ ಕೊಡುವಂತೆ ಬೌದ್ಧಿಕ ಆಸ್ತಿ ಘಟಕವನ್ನು ಕೇಳಿತು. ಘಟಕವೆಂದರೆ ಒಂದು ಕೋಣೆ, ಒಬ್ಬ ಸಹಾಯಕಿ, ಮತ್ತು ಭೌತವಿಜ್ಞಾನದ ಪಾಠಗಳ ನಡುವೆ ಬಿಡುವು ಮಾಡಿಕೊಂಡು ಅಲ್ಲಿಗೆ ಬರುವ ನಾನು. ಹೊಣೆ ವಹಿಸಿಕೊಂಡು ಹೆಚ್ಚು ಕಾಲವಾಗಿರಲಿಲ್ಲ.

ಕಡತಗಳಲ್ಲಿ ಮಂಜೂರಾದ ಕೆಲವು ಪೇಟೆಂಟುಗಳಿದ್ದವು. ಅವುಗಳಲ್ಲಿ ಹೆಚ್ಚಿನವು ನವೀಕರಣ ಶುಲ್ಕ ಕಟ್ಟದೆ ರದ್ದಾಗಿದ್ದವು. ಆ ಹೆಸರುಗಳನ್ನೇ ಟೈಪು ಮಾಡಿ ಕಳುಹಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಪೇಟೆಂಟಿನ ಮೇಲೆ ಹೆಸರು ಬಂದವರು ನಿಜವಾದ ಆವಿಷ್ಕಾರಕರಲ್ಲಿ ಒಂದು ಸಣ್ಣ ಪಾಲು ಎಂಬುದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದ ಯಾರಿಗಾದರೂ ಗೊತ್ತು. ಉಳಿದವರು ಎಲ್ಲಿದ್ದಾರೆ ಎಂದು ನೋಡಿಯೇ ಪಟ್ಟಿ ಮಾಡೋಣವೆಂದು ವಿಭಾಗದಿಂದ ವಿಭಾಗಕ್ಕೆ ಹೊರಟೆ.

“ನಿಮ್ಮಲ್ಲಿ ಆವಿಷ್ಕಾರ ಏನಾದರೂ ಇದೆಯೇ?” ಎಂದು ಕೇಳಿದರೆ ಸಿಗುತ್ತಿದ್ದ ಉತ್ತರ ಎಲ್ಲ ಕಡೆಯೂ ಒಂದೇ: “ಅಂಥದ್ದೇನೂ ಇಲ್ಲ.” ಹಾಗಾಗಿ ಪ್ರಶ್ನೆಯನ್ನು ಬದಲಿಸಿದೆ. ಹೊರಗೆ ಎಲ್ಲೂ ಸಿಗದೆ ನೀವೇ ಮಾಡಿಕೊಂಡ ಸಾಧನ ಯಾವುದು? ಬೇರೆ ಪ್ರಯೋಗಾಲಯದವರು ನಿಮ್ಮಲ್ಲಿ ಬಂದು ಕೇಳಿಕೊಂಡು ಹೋದದ್ದು ಏನು? ಪ್ರಬಂಧದ ವಿಧಾನದ ಭಾಗದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ, ಆದರೆ ತಿಂಗಳುಗಟ್ಟಲೆ ನಿಮ್ಮನ್ನು ಕಾಡಿದ ಸಂಗತಿ ಯಾವುದು? ಈ ಮೂರನೆಯ ಪ್ರಶ್ನೆ ಕೇಳಿದಾಗ ಜನ ಕುರ್ಚಿಯಿಂದ ಎದ್ದು ನನ್ನನ್ನು ಒಳಕೋಣೆಗೆ ಕರೆದೊಯ್ಯುತ್ತಿದ್ದರು. ಗಟ್ಟಿ ಸಿಪ್ಪೆಯ ಬೀಜಗಳನ್ನು ಒಳಗಿನ ಭ್ರೂಣಕ್ಕೆ ಪೆಟ್ಟಾಗದಂತೆ ಉಜ್ಜುವ ಒಂದು ಡ್ರಮ್ಮು, ಕಂಪನ ತಾಗದಂತೆ ಮಾದರಿಯನ್ನು ಹಿಡಿದಿಡುವ ಒಂದು ಹಿಡಿಕೆ, ಕಾಂಕ್ರೀಟಿನ ಬಿರುಕನ್ನು ಮೊದಲೇ ಗುರುತಿಸುವ ಒಂದು ಸಂವೇದಕ. ಅದನ್ನು ಮಾಡಿದವರ ಕಣ್ಣಿಗೆ ಅದು ಪ್ರಬಂಧಕ್ಕೆ ಬೇಕಾಗಿದ್ದ ಒಂದು ಸಲಕರಣೆ, ಅಷ್ಟೇ.

ಈ ಸಂಕೋಚಕ್ಕೆ ಹಳೆಯ ಬೇರುಗಳಿವೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸ್ ಅವರಿಗೆ ಪೇಟೆಂಟಿನ ಮೇಲೆ ಒಲವಿರಲಿಲ್ಲ. ವಿದ್ಯುತ್ ಅಲೆಗಳನ್ನು ಪತ್ತೆಹಚ್ಚುವ ಅವರ ಸಾಧನಕ್ಕೆ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಸಲ್ಲಿಕೆಯಾಗಿ 1904ರಲ್ಲಿ ಪೇಟೆಂಟ್ ಸಿಕ್ಕಿದ್ದರೆ ಅದರ ಹಿಂದೆ ಇದ್ದದ್ದು ಸಾರಾ ಬುಲ್ ಎಂಬ ಹಿತೈಷಿಯ ಒತ್ತಾಯ. ಇನ್ಸುಲಿನ್ ಪೇಟೆಂಟಿನ ಹಕ್ಕನ್ನು ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರಲ್ಲಿ ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಜ್ಞಾನ ಎಲ್ಲರದು ಎಂಬ ಈ ನಂಬಿಕೆ ದೊಡ್ಡದು. ಆದರೆ ಟೊರಾಂಟೊದ ಆ ಮೂವರು ಪೇಟೆಂಟೇ ಬೇಡ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಬೇರೆ ಯಾರೋ ಅದನ್ನು ತಮ್ಮದಾಗಿಸಿಕೊಂಡು ಬೀಗ ಹಾಕದಿರಲಿ, ತಯಾರಾಗುವ ಔಷಧದ ಗುಣಮಟ್ಟದ ಮೇಲೆ ಹಿಡಿತವಿರಲಿ ಎಂದೇ ಅದನ್ನು ಪಡೆದು ವಿಶ್ವವಿದ್ಯಾಲಯದ ಕೈಗಿಟ್ಟರು. ಹೋದಲ್ಲೆಲ್ಲ ಇದನ್ನು ಹೇಳುತ್ತಿದ್ದೆ. “ಪೇಟೆಂಟ್ ಪಡೆದ ಮೇಲೂ ನೀವು ಅದನ್ನು ಉಚಿತವಾಗಿ ಕೊಡಬಹುದು. ಪಡೆಯದಿದ್ದರೆ ಹೇಗೆ ಕೊಡಬೇಕು ಎಂಬ ಮಾತು ನಿಮ್ಮ ಕೈಯಲ್ಲಿರುವುದಿಲ್ಲ.”

ಹೀಗೆ ಓಡಾಡುತ್ತಿದ್ದಾಗ ಜೀವತಂತ್ರಜ್ಞಾನ ವಿಭಾಗದಲ್ಲಿ ಒಂದು ಕೆಲಸ ಕಣ್ಣಿಗೆ ಬಿತ್ತು. ಮುಂದೆ ನಾವು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅದರಿಂದಲೇ ಬಂದದ್ದರಿಂದ ಅದನ್ನು ಸ್ವಲ್ಪ ವಿವರಿಸುತ್ತೇನೆ. ರಕ್ತದ ಬಹುತೇಕ ಪರೀಕ್ಷೆಗಳಿಗೆ ಬೇಕಾದದ್ದು ಇಡೀ ರಕ್ತವಲ್ಲ, ಅದರಲ್ಲಿನ ಪ್ಲಾಸ್ಮಾ. ಕೆಂಪು ಕಣಗಳಿಂದ ಅದನ್ನು ಬೇರ್ಪಡಿಸಲು ಸೆಂಟ್ರಿಫ್ಯೂಜ್ ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ ಬೇಕು. ಇವರು ಮಾಡಿದ್ದು ಅಂಗೈಯೊಳಗೆ ಅಡಗುವಷ್ಟು ಸಣ್ಣದಾದ, ಪದರ ಪದರವಾದ ಒಂದು ಪೊರೆ. ಮೇಲೆ ಒಂದು ಹನಿ ರಕ್ತ ಬಿಟ್ಟರೆ ಏಳೆಂಟು ಮೈಕ್ರೋಮೀಟರ್ ಅಗಲದ ಕೆಂಪು ಕಣಗಳು ಮೇಲಿನ ಪದರದಲ್ಲೇ ಸಿಕ್ಕಿಕೊಂಡು, ಪ್ಲಾಸ್ಮಾ ಕೆಳಪದರದೊಳಗೆ ಅಡ್ಡಡ್ಡಲಾಗಿ ಹರಿದು ಒಂದು ಬದಿಯಲ್ಲಿ ಬಂದು ನಿಲ್ಲುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ.

ನಾನು ಹೋದಾಗ ಆ ತಂಡದ ಸಂಶೋಧನಾರ್ಥಿನಿ ಒಂದು ಸಮ್ಮೇಳನಕ್ಕೆ ಪೋಸ್ಟರ್ ಸಿದ್ಧಪಡಿಸುತ್ತಿದ್ದಳು. ಅಡ್ಡಕೊಯ್ತದ ಚಿತ್ರ, ಪದರಗಳ ಅಳತೆ, ಲೇಪನದ ವಸ್ತು, ಎಲ್ಲವೂ ಅದರಲ್ಲಿತ್ತು. ಅದನ್ನು ಒಮ್ಮೆ ಗೋಡೆಗೆ ಅಂಟಿಸಿದರೆ ಯುರೋಪಿನ ನಿಯಮದ ಪ್ರಕಾರ ಪೇಟೆಂಟಿಗೆ ಬೇಕಾದ ಹೊಸತನ ಅಲ್ಲಿಗೇ ಮುಗಿಯಿತು. ಅಮೆರಿಕ, ಜಪಾನ್‌ನಂಥ ಕಡೆ ಒಂದು ವರ್ಷದ ವಿನಾಯಿತಿ ಇದ್ದರೂ ಎಲ್ಲ ದೇಶಗಳೂ ಆ ಔದಾರ್ಯ ತೋರುವುದಿಲ್ಲ. ಪ್ರಬಂಧ ಮಾತ್ರವಲ್ಲ, ಪೋಸ್ಟರ್, ಸಾರಾಂಶ, ಗ್ರಂಥಾಲಯದ ಕಪಾಟಿಗೆ ಹೋದ ಪಿಎಚ್.ಡಿ. ಮಹಾಪ್ರಬಂಧ ಎಲ್ಲವೂ ಪ್ರಕಟಣೆಯೇ.

ಅವಳಿಗೆ ನಾನು ಹೇಳಿದ್ದು ಕೋಹೆನ್ ಮತ್ತು ಬಾಯರ್ ಅವರ ಕಥೆ. ವಂಶವಾಹಿಯ ತುಣುಕುಗಳನ್ನು ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಬೆಳೆಸುವ ಅವರ ವಿಧಾನ 1973ರ ನವೆಂಬರಿನಲ್ಲಿ ಪ್ರಕಟವಾಯಿತು. ಪೇಟೆಂಟಿನ ಯೋಚನೆ ಅವರಿಗಿರಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂತ್ರಜ್ಞಾನ ಪರವಾನಗಿ ಕಚೇರಿಯನ್ನು 1970ರಲ್ಲಿ ಕಟ್ಟಿದ ನೀಲ್ಸ್ ರೈಮರ್ಸ್ ಪತ್ರಿಕೆಯಲ್ಲಿ ಈ ಸುದ್ದಿ ಓದಿ, ತಾವಾಗಿಯೇ ಕೋಹೆನ್ ಅವರನ್ನು ಸಂಪರ್ಕಿಸಿ ಒಪ್ಪಿಸಿದರು. 1974ರ ನವೆಂಬರಿನಲ್ಲಿ, ಅಮೆರಿಕದ ಒಂದು ವರ್ಷದ ಗಡುವು ಮುಗಿಯಲು ಕೆಲವೇ ದಿನಗಳಿದ್ದಾಗ ಅರ್ಜಿ ಸಲ್ಲಿಕೆಯಾಯಿತು. ಬೇರೆ ದೇಶಗಳ ಹಕ್ಕು ಆಗಲೇ ಕೈತಪ್ಪಿತ್ತು. 1980ರಲ್ಲಿ ಮಂಜೂರಾದ ಆ ಪೇಟೆಂಟಿನಿಂದ ಮುಂದೆ ಕೋಹೆನ್ ಅವರ ಸ್ಟ್ಯಾನ್‌ಫರ್ಡ್, ಬಾಯರ್ ಅವರ ಕ್ಯಾಲಿಫೋರ್ನಿಯಾ ಎರಡೂ ವಿಶ್ವವಿದ್ಯಾಲಯಗಳಿಗೆ ಇಪ್ಪತ್ತೈದು ಕೋಟಿ ಡಾಲರಿಗೂ ಹೆಚ್ಚು ಬಂತು. ನನಗೆ ಆ ಮೊತ್ತಕ್ಕಿಂತ ರೈಮರ್ಸ್ ಅವರ ನಡೆ ದೊಡ್ಡದಾಗಿ ಕಾಣುತ್ತದೆ. ಅರ್ಜಿ ಬರಲಿ ಎಂದು ಕಾಯದೆ ಆವಿಷ್ಕಾರಕರ ಬಾಗಿಲಿಗೆ ಹೋದ ಕಚೇರಿ ಅದು.

“ಹಾಗಾದರೆ ಸಮ್ಮೇಳನಕ್ಕೆ ಹೋಗಬಾರದೇ ಮೇಡಂ?” ಎಂದಳು. ಅವಳ ಮುಖ ಇಳಿದಿತ್ತು. ಪಿಎಚ್.ಡಿ. ವಿದ್ಯಾರ್ಥಿಗೆ ಸಮ್ಮೇಳನವೆಂದರೆ ಮುಂದಿನ ಉದ್ಯೋಗದ ಬಾಗಿಲು. ಅದನ್ನು ಕಿತ್ತುಕೊಂಡು ಕೊಡುವ ಬೆಂಬಲ ಬೆಂಬಲವೇ ಅಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರೆ ಆ ದಿನಾಂಕ ನಮ್ಮದಾಗುತ್ತದೆ, ಆಮೇಲೆ ಪೋಸ್ಟರನ್ನು ಎಲ್ಲಿ ಬೇಕಾದರೂ ತೋರಿಸಬಹುದು ಎಂದು ವಿವರಿಸಿದೆ. ಆ ದಿನಾಂಕವನ್ನು ಆಧಾರವಾಗಿಟ್ಟುಕೊಂಡು ಹನ್ನೆರಡು ತಿಂಗಳೊಳಗೆ ಪೂರ್ಣ ಅರ್ಜಿ ಹಾಕಬೇಕು. ಅದೇ ಅವಧಿಯಲ್ಲಿ ಬೇರೆ ದೇಶಗಳಲ್ಲೂ ಅರ್ಜಿ ಹಾಕುವ ಹಕ್ಕು ಪ್ಯಾರಿಸ್ ಒಪ್ಪಂದದಿಂದ ಬಂದದ್ದು. ನಮ್ಮ ಪೇಟೆಂಟ್ ಏಜೆಂಟರು ಆ ವಾರವೆಲ್ಲ ಅವಳ ಜೊತೆ ಕುಳಿತರು. ಅರ್ಜಿ ಹೋಯಿತು, ಅವಳೂ ಸಮ್ಮೇಳನಕ್ಕೆ ಹೋದಳು. ಪ್ರಕಟಣೆಯನ್ನು ತಡೆಯುವ ಕಚೇರಿ ಎಂಬ ಹೆಸರು ಬಂದರೆ ಮರುದಿನದಿಂದ ಯಾರೂ ನಮ್ಮ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಸಮ್ಮೇಳನಕ್ಕೆ ಮುಂಚೆ ಬಂದ ಯಾರ ಅರ್ಜಿಯನ್ನೂ ತಡಮಾಡಬಾರದು ಎಂಬುದನ್ನು ಘಟಕದ ಮೊದಲ ನಿಯಮವಾಗಿ ಬರೆದಿಟ್ಟೆವು.

ಇನ್ನು ಹೆಸರುಗಳ ವಿಷಯ. ಇದರಷ್ಟು ಕಷ್ಟದ, ಇದರಷ್ಟು ಮುಖ್ಯವಾದ ಕೆಲಸ ಇಡೀ ಪ್ರಕ್ರಿಯೆಯಲ್ಲಿ ಇನ್ನೊಂದಿಲ್ಲ.

ತಾವು ರೂಪಿಸಿದ್ದು ಏನೆಂದು ಘಟಕಕ್ಕೆ ತಿಳಿಸುವ ಆವಿಷ್ಕಾರ ವರದಿಯ ನಮೂನೆಯಲ್ಲಿ ಆವಿಷ್ಕಾರಕರು ಎಂಬ ಒಂದು ಸಾಲಿದೆ. ಪೂರ್ಣ ಅರ್ಜಿಯ ಸಿದ್ಧತೆಗೆಂದು ಆ ತಂಡ ತುಂಬಿ ಕಳುಹಿಸಿದ ನಮೂನೆಯಲ್ಲಿ ಪ್ರಾಧ್ಯಾಪಕಿಯ ಹೆಸರು, ವಿಭಾಗದ ಮುಖ್ಯಸ್ಥರ ಹೆಸರು, ರಕ್ತದ ಮಾದರಿಗಳ ಪರೀಕ್ಷೆ ನಡೆಸಿದ ಸಹೋದ್ಯೋಗಿಯ ಹೆಸರು, ಕೊನೆಯಲ್ಲಿ ಸಂಶೋಧನಾರ್ಥಿನಿಯ ಹೆಸರು ಇದ್ದವು. ಪ್ರಬಂಧಗಳಲ್ಲಿ ಹೆಸರು ಹಾಕುವ ಪದ್ಧತಿಯನ್ನೇ ಇಲ್ಲಿಗೂ ತಂದಿದ್ದರು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆದರೆ ಪೇಟೆಂಟಿನ ಲೋಕದ ಕಟ್ಟಳೆ ಬೇರೆ. ಹಕ್ಕುಕೋರಿಕೆಯಲ್ಲಿ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ಅರ್ಜಿಯ ಭಾಗದಲ್ಲಿ, ಬರೆದ ಹೊಸ ಅಂಶವನ್ನು ಮನಸ್ಸಿನಲ್ಲಿ ಮೊದಲು ರೂಪಿಸಿದವರು ಆವಿಷ್ಕಾರಕರು. ಹಣ ತಂದವರು, ಜಾಗ ಕೊಟ್ಟವರು, ಹೇಳಿದ ಪ್ರಯೋಗವನ್ನು ಹೇಳಿದಂತೆ ಮಾಡಿಕೊಟ್ಟವರು ಎಷ್ಟೇ ಶ್ರಮಪಟ್ಟಿದ್ದರೂ ಆ ಸಾಲಿಗೆ ಬರುವುದಿಲ್ಲ. ಬರಬೇಕಾದವರನ್ನು ಬಿಡುವುದೂ ಬರಬಾರದವರನ್ನು ಸೇರಿಸುವುದೂ ಮುಂದೆ ಪೇಟೆಂಟಿನ ಬುಡಕ್ಕೇ ಕೊಡಲಿ ಹಾಕಬಹುದು. ಕೋಹೆನ್ ಮತ್ತು ಬಾಯರ್ ಅವರ 1973ರ ಪ್ರಬಂಧದ ಮೇಲೆ ನಾಲ್ಕು ಹೆಸರುಗಳಿದ್ದವು, ಪೇಟೆಂಟಿನ ಮೇಲೆ ಎರಡೇ. ಆ ವ್ಯತ್ಯಾಸ ಅಲ್ಲಿಯೂ ಮನಸ್ತಾಪ ತಂದಿತ್ತು.

ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕಂಡು ಒಂದೇ ಪ್ರಶ್ನಾವಳಿಯನ್ನು ಮುಂದಿಟ್ಟೆ. ಯಾವ ಯೋಚನೆ ಮೊದಲು ಯಾರಿಗೆ ಹೊಳೆಯಿತು? ಯಾವಾಗ? ಎಲ್ಲಿ ಬರೆದಿಟ್ಟಿದ್ದೀರಿ? ಲೇಪನ ಪ್ರಾಧ್ಯಾಪಕಿಯದು ಎಂಬುದರಲ್ಲಿ ಅನುಮಾನವಿರಲಿಲ್ಲ. ಪ್ಲಾಸ್ಮಾ ಕೆಳಕ್ಕೆ ಇಳಿಯುವ ಬದಲು ಅಡ್ಡಲಾಗಿ ಹರಿಯಬೇಕು ಎಂಬ ಮೂಲ ಯೋಚನೆ ಸಂಶೋಧನಾರ್ಥಿನಿಯದು. ಅವಳ ಪ್ರಯೋಗ ಪುಸ್ತಕದಲ್ಲಿ ದಿನಾಂಕದೊಂದಿಗೆ ಚಿತ್ರವಿತ್ತು. ಆ ಪುಸ್ತಕವನ್ನು ತಿರುವುತ್ತಿದ್ದಾಗ ಇನ್ನೊಂದು ಪುಟ ಸಿಕ್ಕಿತು. ಮೊದಮೊದಲು ಪೊರೆಯ ಅಂಚಿನಿಂದ ಕೆಂಪು ಕಣಗಳು ನುಸುಳಿ ಪ್ಲಾಸ್ಮಾವನ್ನು ಕೆಡಿಸುತ್ತಿದ್ದವು. ಅಂಟು ಹಾಕಿದರು, ಮೇಣ ಹಾಕಿದರು, ನಿಲ್ಲಲಿಲ್ಲ. ಆಮೇಲೆ ಆ ಪುಟದಲ್ಲಿ ಒಂದು ಸಾಲು: “ವರ್ಕ್‌ಶಾಪಿನಿಂದ ಸಲಹೆ, ಓರೆ ಅಚ್ಚು.” ಅದರ ನಂತರದ ಪುಟಗಳಲ್ಲಿ ಸೋರಿಕೆಯ ಮಾತೇ ಇಲ್ಲ.

“ಈ ಸಲಹೆ ಯಾರದು?” ಎಂದು ಕೇಳಿದೆ. ನಿವೃತ್ತಿಗೆ ಹತ್ತಿರವಾಗಿದ್ದ ವರ್ಕ್‌ಶಾಪಿನ ತಂತ್ರಜ್ಞರೊಬ್ಬರದು. ಅವರನ್ನು ಕಾಣಲು ಹೋದಾಗ ಲೇತ್ ಯಂತ್ರದ ಬಳಿ ನಿಂತಿದ್ದರು. ಮಾತನ್ನು ಅವರು ಬಹಳ ನಿಖರವಾಗಿ ಆಡಿದರು. “ಅಂಚನ್ನು ಒಂದೇ ಸಮನೆ ಒತ್ತಿದರೆ ಒತ್ತಿದ ಗೆರೆಯ ಪಕ್ಕದಲ್ಲೇ ನಾರು ಹರಿಯುತ್ತದೆ ಮೇಡಂ, ಸೋರುವುದು ಅಲ್ಲಿಂದ. ಅಚ್ಚನ್ನು ಓರೆ ಮಾಡಿ, ಒಳಗಿನಿಂದ ಹೊರಕ್ಕೆ ಒತ್ತಡ ಮೆಲ್ಲಗೆ ಏರುವಂತೆ ಕಾಯಿಸಿ ಒತ್ತಿದರೆ ರಂಧ್ರಗಳು ಸಣ್ಣದಾಗುತ್ತ ಹೋಗುತ್ತವೆ. ಕಣ ಅಂಚಿಗೆ ಬರುವ ಮೊದಲೇ ನಿಲ್ಲುತ್ತದೆ.” ಇದನ್ನು ಮಾಡಲು ಅವರಿಗೆ ಯಾರಾದರೂ ಹೇಳಿದ್ದರೇ ಎಂದು ವಿಚಾರಿಸಿದೆ. “ಸೋರುತ್ತಿದೆ ಎಂದು ಹೇಳಿದರು. ಓರೆ ಮಾಡುವುದು ನನಗೇ ಹೊಳೆಯಿತು” ಎಂದರು.

ಸೋರದ ಅಂಚಿಲ್ಲದೆ ಆ ಪೊರೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಹಕ್ಕುಕೋರಿಕೆಗಳಲ್ಲಿ ಅತ್ಯಂತ ಬಲವಾದದ್ದು ಅದೇ ಎಂದು ಏಜೆಂಟರೂ ಹೇಳಿದರು. ಹಾಗಾದರೆ ತಂತ್ರಜ್ಞರು ಆವಿಷ್ಕಾರಕರು. ಇದು ಉಪಕಾರವಲ್ಲ, ಕಾನೂನಿನ ಮಾತು. ಪ್ರಾಧ್ಯಾಪಕಿಗೆ ಹೇಳಿದಾಗ ಒಂದು ಕ್ಷಣವೂ ಅವರು ವಾದಿಸಲಿಲ್ಲ. “ಅಚ್ಚು ಅವರದೇ. ವರ್ಕ್‌ಶಾಪಿನವರ ಹೆಸರು ಹಾಕಬಹುದು ಎಂಬುದೇ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ” ಎಂದರು. ವಿಭಾಗದ ಮುಖ್ಯಸ್ಥರ ಬಳಿಗೆ ಹೋಗುವುದು ಸುಲಭವಾಗಿರಲಿಲ್ಲ. ಅವರ ಸಹಾಯವಿಲ್ಲದೆ ಆ ಪ್ರಯೋಗಾಲಯವೇ ಇರುತ್ತಿರಲಿಲ್ಲ, ಅದು ಸತ್ಯ. ಆ ಸತ್ಯವನ್ನು ಮೊದಲು ಹೇಳಿ, ಆಮೇಲೆ ಕಟ್ಟಳೆಯನ್ನು ಓದಿ ಹೇಳಿದೆ. ಅವರು ಹೊತ್ತು ತೆಗೆದುಕೊಂಡರು. ಕೊನೆಗೆ ತಮ್ಮ ಹೆಸರನ್ನು ತಾವೇ ಹೊಡೆದುಹಾಕಿದರು. ಪರೀಕ್ಷೆ ನಡೆಸಿದ ಸಹೋದ್ಯೋಗಿಗೆ ಪ್ರಬಂಧದಲ್ಲಿ ಹೆಸರಿತ್ತು, ನ್ಯಾಯವಾಗಿಯೇ ಇತ್ತು. ಅವರು ತಕ್ಷಣ ಒಪ್ಪಿದರು.

ಈ ಕಟ್ಟುನಿಟ್ಟು ಬೇಕೇ ಎಂದು ಕೇಳಿದವರಿಗೆ ಆಲ್ಬರ್ಟ್ ಶಾಟ್ಜ್ ಅವರ ಉದಾಹರಣೆ ಕೊಡುತ್ತೇನೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಾಗ ಶಾಟ್ಜ್ ಅಲ್ಲಿ ವಿದ್ಯಾರ್ಥಿ, ಸೆಲ್ಮನ್ ವಾಕ್ಸ್‌ಮನ್ ಗುರು. ಪೇಟೆಂಟಿನ ಮೇಲೆ ಇಬ್ಬರ ಹೆಸರೂ ಇತ್ತು. ಆದರೆ ರಾಯಧನದ ಪಾಲಿನಲ್ಲಿ ವಿದ್ಯಾರ್ಥಿಗೆ ಏನೂ ಇರಲಿಲ್ಲ. ಶಾಟ್ಜ್ ನ್ಯಾಯಾಲಯಕ್ಕೆ ಹೋದರು. 1950ರ ರಾಜಿಯಲ್ಲಿ ಸಹಶೋಧಕ ಎಂಬ ಮಾನ್ಯತೆಯೂ ರಾಯಧನದ 3 ಶೇಕಡವೂ ಅವರಿಗೆ ಸಿಕ್ಕಿತು, ವಾಕ್ಸ್‌ಮನ್ ಅವರಿಗೆ 10. ಎರಡು ವರ್ಷಗಳ ನಂತರ ನೊಬೆಲ್ ಬಂದದ್ದು ವಾಕ್ಸ್‌ಮನ್ ಒಬ್ಬರಿಗೇ. ಗುರುಶಿಷ್ಯರ ನಡುವೆ ಇಷ್ಟು ಕಹಿ ಉಳಿಯದಿರಬೇಕಾದರೆ ಹೆಸರು, ಪಾಲು ಎರಡೂ ಹಣ ಬರುವ ಮೊದಲೇ, ಎಲ್ಲರೂ ಇನ್ನೂ ಸ್ನೇಹದಲ್ಲಿರುವಾಗಲೇ ತೀರ್ಮಾನವಾಗಬೇಕು.

ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಧ್ಯಾಪಕರು ನೌಕರರು, ಅವರ ಆವಿಷ್ಕಾರದ ಒಡೆತನ ಸೇವಾ ಕರಾರಿನ ಪ್ರಕಾರ ಸಾಮಾನ್ಯವಾಗಿ ಸಂಸ್ಥೆಗೆ ಹೋಗುತ್ತದೆ. ವಿದ್ಯಾರ್ಥಿ ನೌಕರನಲ್ಲ. ಅವನ ಅಥವಾ ಅವಳ ಹಕ್ಕು ತಾನಾಗಿ ವಿಶ್ವವಿದ್ಯಾಲಯಕ್ಕೆ ಬಂತೆಂದು ಭಾವಿಸುವುದು ತಪ್ಪು. ನಾವು ಸಂಶೋಧನಾರ್ಥಿನಿಗೆ ಹಸ್ತಾಂತರ ಪತ್ರವನ್ನು ಕೊಟ್ಟಾಗ, ಘಟಕಕ್ಕೆ ಸಂಬಂಧವಿಲ್ಲದ ಒಬ್ಬ ವಕೀಲರ ಸಲಹೆ ಪಡೆದ ನಂತರವೇ ಸಹಿ ಮಾಡು ಎಂದು ಹೇಳಿ, ಆ ಸಲಹೆಯ ಶುಲ್ಕವನ್ನು ವಿಶ್ವವಿದ್ಯಾಲಯವೇ ಭರಿಸಿತು. ಮಾರ್ಗದರ್ಶಕರ ಎದುರು ಕುಳಿತು ಮಾಡಿದ ಸಹಿ ಸ್ವಂತ ಇಚ್ಛೆಯದು ಎಂದು ನಾನು ಒಪ್ಪುವುದಿಲ್ಲ.

ಇಂಥದ್ದು ಮೊದಲೇ ಎಲ್ಲಾದರೂ ದಾಖಲಾಗಿದೆಯೇ ಎಂದು ನೋಡುವ ಹುಡುಕಾಟದ ಹಂತವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಂದ ವರದಿಗಳಲ್ಲಿ ಹಲವು ಇಲ್ಲಿಯೇ ನಿಂತವು. ಜಗತ್ತಿನ ಪೇಟೆಂಟ್ ದಾಖಲೆಗಳು ಈಗ ಉಚಿತವಾಗಿ ಸಿಗುತ್ತವೆ, ತಾಳ್ಮೆಯೊಂದಿದ್ದರೆ ಹಳೆಯ ಕಾಲದ್ದನ್ನೂ ಹುಡುಕಬಹುದು. ಬೀಜ ಉಜ್ಜುವ ಡ್ರಮ್ಮಿನಂಥದ್ದೇ ಇನ್ನೊಂದು ಬಹಳ ಹಿಂದೆಯೇ ದಾಖಲಾಗಿತ್ತು. ಹೀಗೆ ನಿಂತುಹೋದ ಪ್ರತಿಯೊಂದಕ್ಕೂ ಕಾರಣವನ್ನು ಬರೆದು, ಸಿಕ್ಕ ಹಳೆಯ ದಾಖಲೆಯನ್ನು ಜೊತೆಗಿಟ್ಟು, ಎದುರು ಕುಳಿತು ಹೇಳಿದೆವು. ಬೇಡ ಎಂಬ ಉತ್ತರವನ್ನು ಒಂದು ಸಾಲಿನ ಇಮೇಲಿನಲ್ಲಿ ಕಳುಹಿಸಿದರೆ ಆ ಮನುಷ್ಯ ಇನ್ನೊಮ್ಮೆ ವರದಿ ತರುವುದಿಲ್ಲ. ಸಸ್ಯವಿಜ್ಞಾನದ ಆ ಅಧ್ಯಾಪಕರು ಹಳೆಯ ದಾಖಲೆಯನ್ನು ಓದಿ, ತಮ್ಮ ಡ್ರಮ್ಮಿನಲ್ಲಿ ನಿಜಕ್ಕೂ ಬೇರೆಯಾಗಿರುವುದು ತೇವ ಅಳೆಯುವ ಭಾಗ ಎಂದು ತಾವೇ ಗುರುತಿಸಿ ಮತ್ತೆ ಬಂದರು.

ಪೂರ್ಣ ವಿವರಣೆ ಬರೆಯುವ ಕೆಲಸ ನಾನು ಎಣಿಸಿದ್ದಕ್ಕಿಂತ ಸೊಗಸಾಗಿತ್ತು. ಪ್ರಬಂಧ ಬರೆದು ಅಭ್ಯಾಸವಾದವರಿಗೆ ಈ ಬರವಣಿಗೆ ಆರಂಭದಲ್ಲಿ ಒಗ್ಗುವುದಿಲ್ಲ. ಪ್ರಬಂಧದಲ್ಲಿ ಅತ್ಯುತ್ತಮ ಫಲಿತಾಂಶವನ್ನು ತೋರಿಸುತ್ತೇವೆ. ಪೇಟೆಂಟಿನಲ್ಲಿ ಇದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಯಾವ ಗಡಿ ದಾಟಿದರೆ ನಿಲ್ಲುತ್ತದೆ ಎಂದು ಬೇಲಿ ಹಾಕಬೇಕು. ಓರೆಯ ಕೋನ ಎಷ್ಟಿರಬೇಕು ಎಂದು ಏಜೆಂಟರು ಕೇಳಿದಾಗ ಪ್ರಾಧ್ಯಾಪಕಿ ಒಂದು ಸಂಖ್ಯೆ ಹೇಳಿದರು. ತಂತ್ರಜ್ಞರು ತಲೆಯಾಡಿಸಿ, ಅದಕ್ಕಿಂತ ಕಡಿಮೆ ಮಾಡಿದಾಗ ಏನಾಯಿತು, ಹೆಚ್ಚು ಮಾಡಿದಾಗ ಪೊರೆ ಎಲ್ಲಿ ಸುಟ್ಟಿತು ಎಂದು ಒಂದೊಂದಾಗಿ ಹೇಳತೊಡಗಿದರು. ಕೆಟ್ಟುಹೋದ ಅಚ್ಚುಗಳನ್ನೆಲ್ಲ ಅವರು ಚೀಟಿ ಅಂಟಿಸಿ ಎತ್ತಿಟ್ಟಿದ್ದರು. ಆ ಮಧ್ಯಾಹ್ನ ಹಕ್ಕುಕೋರಿಕೆಯ ವ್ಯಾಪ್ತಿ ನಿರ್ಧಾರವಾದದ್ದು ಆ ಅಚ್ಚುಗಳ ಪೆಟ್ಟಿಗೆಯಿಂದ. ಬೆಂಬಲ ಎಂದಾಗ ಎಲ್ಲರೂ ಹಣದ ಮಾತಾಡುತ್ತಾರೆ. ಅರ್ಜಿ ಶುಲ್ಕಕ್ಕೆ ಹಣ ಬೇಕು, ನಿಜ. ಆದರೆ ಆ ಮೂವರಿಗೆ ಹೆಚ್ಚಾಗಿ ಬೇಕಾಗಿದ್ದದ್ದು ಬಿಡುವು. ಪ್ರಾಧ್ಯಾಪಕಿಗೆ ಒಂದು ಸೆಮಿಸ್ಟರಿನ ಒಂದು ಪತ್ರಿಕೆಯ ಬೋಧನೆಯಿಂದ ವಿನಾಯಿತಿ, ತಂತ್ರಜ್ಞರಿಗೆ ದುರಸ್ತಿ ಕೆಲಸದಿಂದ ವಾರಕ್ಕೆ ಒಂದು ಮಧ್ಯಾಹ್ನದ ಬಿಡುಗಡೆ. ಇದನ್ನು ಕೊಡಿಸಲು ನಾನು ಹತ್ತಿದ ಮೆಟ್ಟಿಲುಗಳು ಶುಲ್ಕ ಮಂಜೂರು ಮಾಡಿಸಲು ಹತ್ತಿದ್ದಕ್ಕಿಂತ ಹೆಚ್ಚು.

ರಾಯಧನ ಹಂಚಿಕೆಯ ನಿಯಮ ಬರೆಯುವಾಗ ಬೇರೆ ದೇಶಗಳ ರೀತಿಯನ್ನು ಓದಿದೆವು. ಅಮೆರಿಕದಲ್ಲಿ 1980ರ ಬೇ–ಡೋಲ್ ಕಾಯ್ದೆ ಸರ್ಕಾರದ ಹಣದಿಂದ ಆದ ಆವಿಷ್ಕಾರದ ಒಡೆತನವನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ಬಿಟ್ಟಿತು, ಆದಾಯದಲ್ಲಿ ಆವಿಷ್ಕಾರಕರಿಗೆ ಪಾಲು ಕೊಡಬೇಕೆಂದೂ ಹೇಳಿತು. ಜರ್ಮನಿ 2002ರಲ್ಲಿ ಪ್ರಾಧ್ಯಾಪಕರ ಸ್ವಂತ ಒಡೆತನದ ಹಳೆಯ ಸವಲತ್ತನ್ನು ತೆಗೆದು, ಬದಲಿಗೆ ಆದಾಯದ 30 ಶೇಕಡವನ್ನು ಅವರಿಗೆ ಖಾತರಿಪಡಿಸಿತು. ಸ್ವೀಡನ್ ಆ ಸವಲತ್ತನ್ನು ಇಂದಿಗೂ ಉಳಿಸಿಕೊಂಡಿದೆ. ನಾವು ನಮಗೆ ಹೊಂದುವ ಒಂದು ಪಾಲನ್ನು ಗೊತ್ತುಮಾಡಿದೆವು. ಆವಿಷ್ಕಾರಕರ ನಡುವಿನ ಹಂಚಿಕೆಯನ್ನು ಅವರೇ ಬರೆದು ಸಹಿ ಮಾಡಬೇಕು, ಹುದ್ದೆಯ ಪ್ರಕಾರ ಆಗಕೂಡದು ಎಂಬುದು ಮಾತ್ರ ನನ್ನ ಹಟವಾಗಿತ್ತು.

ಅಕಾಡೆಮಿಕ್ ಕೌನ್ಸಿಲ್ ಸಭೆಯಲ್ಲಿ ಬಿಸಿಯೇರಿದ್ದು ಹಣದ ವಿಷಯಕ್ಕಲ್ಲ, ಬಡ್ತಿಯ ವಿಷಯಕ್ಕೆ. ಶಾಲು ಹೊದಿಸಿ ಫಲಕ ಕೊಡುವುದಕ್ಕೆ ಯಾರ ತಕರಾರೂ ಇಲ್ಲ. ಬಡ್ತಿಯ ಅಂಕಪಟ್ಟಿಯಲ್ಲಿ ಆವಿಷ್ಕಾರಕ್ಕೆ ಒಂದು ಸ್ಥಾನ ಕೊಡಿ ಎಂದ ಕೂಡಲೇ ಸಭೆ ಎರಡು ಪಾಲಾಯಿತು. “ಪೇಟೆಂಟ್ ಅರ್ಜಿ ಹಾಕುವುದು ಯಾರಿಗೂ ಸಾಧ್ಯ. ಅಂಕ ಕೊಟ್ಟರೆ ನಾಳೆ ಕಸದಂಥ ಅರ್ಜಿಗಳು ತುಂಬುತ್ತವೆ” ಎಂದು ಹಿರಿಯ ಗಣಿತಜ್ಞರೊಬ್ಬರು ಹೇಳಿದರು. ಆ ಮಾತಿನಲ್ಲಿ ತೂಕವಿತ್ತು, ನಾನು ಅದನ್ನು ತಳ್ಳಿಹಾಕಲಿಲ್ಲ. ಅರ್ಜಿ ಸಂಖ್ಯೆಯನ್ನು ಎಣಿಸಿದರೆ ಅರ್ಜಿಗಳೇ ಬೆಳೆಯುತ್ತವೆ, ಆವಿಷ್ಕಾರ ಬೆಳೆಯುವುದಿಲ್ಲ. ಅದಕ್ಕೇ ನಮ್ಮ ಕರಡಿನಲ್ಲಿ ಅರ್ಜಿಗೆ ಅಂಕವಿರಲಿಲ್ಲ. ಪರೀಕ್ಷಕರ ಆಕ್ಷೇಪಗಳನ್ನು ದಾಟಿ ಮಂಜೂರಾದದ್ದು, ಹೊರಗಿನವರು ಬಳಕೆಗೆ ತೆಗೆದುಕೊಂಡದ್ದು, ಅಥವಾ ಹೊರಗಿನ ಇಬ್ಬರು ಪರಿಣತರು ಓದಿ ಮಹತ್ವದ್ದೆಂದು ಬರೆದುಕೊಟ್ಟದ್ದು, ಇಷ್ಟಕ್ಕೆ ಮಾತ್ರ ಮಾನ್ಯತೆ.

ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2006ರಷ್ಟು ಹಿಂದೆಯೇ ಅಧ್ಯಾಪಕರ ಕಾಯಮಾತಿಯ ಮೌಲ್ಯಮಾಪನದಲ್ಲಿ ಪೇಟೆಂಟ್ ಮತ್ತು ತಂತ್ರಜ್ಞಾನ ವರ್ಗಾವಣೆಯನ್ನು ಪರಿಗಣಿಸಲು ಶುರುಮಾಡಿತು ಎಂದೂ ಸಭೆಗೆ ತಿಳಿಸಿದೆ. ಆಮೇಲೆ ಜೀವರಸಾಯನ ವಿಜ್ಞಾನಿ ಕಾಟಲಿನ್ ಕಾರಿಕೊ ಅವರ ಹೆಸರೆತ್ತಿದೆ. ಪ್ರೋಟೀನ್ ತಯಾರಿಸುವ ಸೂಚನೆಯನ್ನು ಜೀವಕೋಶದಲ್ಲಿ ಒಯ್ಯುವ ಎಂಆರ್‌ಎನ್‌ಎ ಔಷಧವಾಗಬಲ್ಲದು ಎಂದು ನಂಬಿ ಕೆಲಸ ಮಾಡುತ್ತಿದ್ದ ಅವರಿಗೆ ಅನುದಾನ ಸಿಗಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 1995ರಲ್ಲಿ ಅವರಿಗೆ ಹಿಂಬಡ್ತಿ ಕೊಟ್ಟಿತು. ಅದೇ ಕೆಲಸದ ಮುಂದುವರಿಕೆ 2005ರಲ್ಲಿ ಡ್ರೂ ವೈಸ್‌ಮನ್ ಜೊತೆಗಿನ ಪ್ರಬಂಧವಾಯಿತು, ಪೇಟೆಂಟಾಯಿತು, ಕೋವಿಡ್ ಲಸಿಕೆಗಳಿಗೆ ತಳಹದಿಯಾಯಿತು, 2023ರಲ್ಲಿ ನೊಬೆಲ್ ತಂದಿತು. ಪ್ರಕಟಣೆ ಮತ್ತು ಅನುದಾನ ಎಂಬ ಎರಡೇ ಅಳತೆಗೋಲು ಹಿಡಿದ ಸಂಸ್ಥೆ ತನ್ನ ಅಂಗಳದಲ್ಲಿರುವುದನ್ನೇ ಕಾಣಲಾರದು. ಸಭೆಯಲ್ಲಿ ನಾನು ಸ್ವಲ್ಪ ಏರುದನಿಯಲ್ಲೇ ಮಾತಾಡಿದೆ. ಕರಡು ಕೆಲವು ತಿದ್ದುಪಡಿಗಳೊಂದಿಗೆ ಅಂಗೀಕಾರವಾಯಿತು. ಮೌಲ್ಯಮಾಪಕರ ಸಂಖ್ಯೆಯನ್ನು ಎರಡರಿಂದ ಮೂರಕ್ಕೆ ಏರಿಸಿದ್ದು ಅದೇ ಗಣಿತಜ್ಞರ ಸೂಚನೆ, ಅದು ಒಳ್ಳೆಯದೇ ಆಯಿತು.

ಇಷ್ಟೆಲ್ಲ ಆದ ಮೇಲೆ ನಡೆದ ಸಮಾರಂಭದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಎರಡು ಸಂಗತಿಗಳನ್ನು ಮಾತ್ರ ಬೇಕೆಂದೇ ಇಟ್ಟುಕೊಂಡೆವು. ಭಾಷಣಗಳನ್ನು ಕಡಿಮೆ ಮಾಡಿ, ಪ್ರತಿ ಆವಿಷ್ಕಾರವನ್ನೂ ಮೇಜಿನ ಮೇಲಿಟ್ಟು ಅದನ್ನು ಮಾಡಿದವರೇ ವಿವರಿಸುವಂತೆ ಮಾಡಿದೆವು. ಹೆಸರುಗಳನ್ನು ಪದವಿ, ಹುದ್ದೆ ಸೇರಿಸದೆ ವರ್ಣಮಾಲೆಯ ಕ್ರಮದಲ್ಲಿ ಓದಿದೆವು. ತಂತ್ರಜ್ಞರ ಮಗಳು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು. ಅಪ್ಪ ವರ್ಕ್‌ಶಾಪಿನಲ್ಲಿ ಏನು ಮಾಡುತ್ತಾರೆ ಎಂಬುದು ತನಗೆ ಈಗ ತಿಳಿಯಿತು ಎಂದಳು.

ಪೊರೆಯ ಅರ್ಜಿ ಈಗ ಅಂತಾರಾಷ್ಟ್ರೀಯ ಪೇಟೆಂಟ್ ಸಹಕಾರ ಒಪ್ಪಂದದ ದಾರಿಯಲ್ಲಿದೆ. ಆ ದಾರಿಯಲ್ಲಿ ಮೊದಲ ದಿನಾಂಕದಿಂದ ಮೂವತ್ತು ತಿಂಗಳ ಸುಮಾರಿಗೆ ಯಾವ ಯಾವ ದೇಶಕ್ಕೆ ಹೋಗಬೇಕೆಂದು ಆರಿಸಿಕೊಳ್ಳಬೇಕು, ಒಂದೊಂದು ದೇಶಕ್ಕೂ ಶುಲ್ಕ, ಅನುವಾದ, ಸ್ಥಳೀಯ ಏಜೆಂಟರ ವೆಚ್ಚ ಬೇರೆ. ಅಲ್ಲಿಯವರೆಗೆ ಬಳಕೆಗೆ ತೆಗೆದುಕೊಳ್ಳುವವರು ಸಿಕ್ಕರೆ ಸರಿ, ಇಲ್ಲವಾದರೆ ಪಟ್ಟಿಯನ್ನು ಕುಗ್ಗಿಸಬೇಕಾಗುತ್ತದೆ. ಪರೀಕ್ಷಾ ಸಾಧನಗಳನ್ನು ತಯಾರಿಸುವ ಒಂದು ಕಂಪನಿಯೊಂದಿಗೆ ಮಾತುಕತೆ ನಡೆಯುತ್ತಿದೆ. ಬಡ ಪ್ರದೇಶಗಳ ಆರೋಗ್ಯ ಕೇಂದ್ರಗಳಿಗೆ ಲಾಭವಿಲ್ಲದ ದರದಲ್ಲಿ ಕೊಡಬೇಕು ಎಂಬ ಷರತ್ತನ್ನು ಆವಿಷ್ಕಾರಕರು ಮೂವರೂ ಸೇರಿ ಸೇರಿಸಿದ್ದಾರೆ, ಅದನ್ನು ಬಿಟ್ಟುಕೊಡುವ ಯೋಚನೆ ನಮಗಿಲ್ಲ. ಸಂಶೋಧನಾರ್ಥಿನಿಯ ಮಹಾಪ್ರಬಂಧ ಸಲ್ಲಿಕೆಯಾಗಿದೆ.

ತಂತ್ರಜ್ಞರ ನಿವೃತ್ತಿಗೆ ಕೆಲವೇ ತಿಂಗಳುಗಳಿವೆ. ಹೋದ ತಿಂಗಳು ಅವರು ಒಂದು ಹೊಸ ಆವಿಷ್ಕಾರ ವರದಿಯನ್ನು ಘಟಕಕ್ಕೆ ತಂದುಕೊಟ್ಟರು. ತೆಳುವಾದ ಪೊರೆಗಳನ್ನು ಸುಕ್ಕು ಬೀಳದಂತೆ ಹಿಡಿದು ಕತ್ತರಿಸುವ ಒಂದು ಹಿಡಿತದ ಸಾಧನ. ಆವಿಷ್ಕಾರಕರ ಸಾಲಿನಲ್ಲಿ ಅವರದೊಂದೇ ಹೆಸರಿದೆ. ಹಳೆಯ ದಾಖಲೆಗಳನ್ನು ಹುಡುಕುತ್ತಿದ್ದೇವೆ. ಹತ್ತಿರದ ಒಂದೆರಡು ಸಿಕ್ಕಿವೆ, ಅವು ಇದರಷ್ಟು ಸರಳವಾಗಿಲ್ಲ. ಮುಂದಿನ ವಾರ ಏಜೆಂಟರೊಂದಿಗೆ ಕುಳಿತು ಅವರಿಗೆ ಉತ್ತರ ಹೇಳಬೇಕಾಗಿದೆ.